ಉಸಿರುಬಂಡೆಯ ಕಥೆ ಹೇಳಬೇಡಿ

ಹಾಸ್ಟೆಲ್, ಎರಡನೆಯ ಮಹಡಿ
ಜುಲೈ ೬

ಅಪ್ಪಾ,

ಮೊದಲಿಗೇ ಸಾರಿ. ಈ ಪತ್ರ ಬರೆಯುವ ಮುಖವೇ ನನಗಿಲ್ಲ. ಕಾಲೇಜು ಸೇರಿದ ಮೇಲೆ "ತಲುಪಿದೆ" ಅಂತ ಒಂದು ಮೆಸೇಜ್ ಬಿಟ್ಟರೆ ಏನೂ ತಿಳಿಸದವಳು, ಈಗ ಕೆಲಸ ಬಿದ್ದಾಗ ಹಾಳೆ ತೆಗೆದುಕೊಂಡು ಕೂತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ಗೈಡ್ ಧ್ವನಿಯಲ್ಲಿ ಮಾತಾಡುತ್ತೀರಿ, ನಾನು ಹೂಂ ಹೂಂ ಅನ್ನುತ್ತೇನೆ, ಕೊನೆಗೆ ಇಬ್ಬರೂ ಬಿಸಿಲು ಜಾಸ್ತಿ ಅಂತ ಹೇಳಿ ಇಟ್ಟುಬಿಡುತ್ತೇವೆ. ಸ್ಕೂಲ್ ಹಾಸ್ಟೆಲಿನಲ್ಲಿ ಭಾನುವಾರ ಭಾನುವಾರ ಬರೆಸುತ್ತಿದ್ದರಲ್ಲ, 'ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ' ಅಂತ, ವಾರ್ಡನ್ ಓದಿದ ಮೇಲೇ ಕವರಿಗೆ ಹೋಗುತ್ತಿದ್ದ ಪತ್ರಗಳು. ಆ ಅಭ್ಯಾಸದಿಂದಲೋ ಏನೋ, ಕಷ್ಟದ ಮಾತು ನನಗೆ ಪೆನ್ನಿನಲ್ಲಿ ಮಾತ್ರ ಬರುತ್ತದೆ. ತಂದೆಯನ್ನು 'ನೀವು' ಅಂತ ಬರೆಯಬೇಕು ಅಂತ ಕಲಿಸಿದ್ದೂ ಆ ವಾರ್ಡನ್ನೇ. ಎದುರಿಗೆ ನೀನು ಅನ್ನುವವಳು ಇಲ್ಲಿ ನೀವು ಅಂದರೆ ನಗಬೇಡಿ.

ವಿಷಯ ಏನೆಂದರೆ, ನಮ್ಮ ಭೂಗೋಳ ಡಿಪಾರ್ಟ್‌ಮೆಂಟಿನ ಫಸ್ಟ್ ಇಯರ್ ಟೂರ್ ನಮ್ಮ ದ್ವೀಪಕ್ಕೇ ಫಿಕ್ಸ್ ಆಗಿದೆ. ಆಗಸ್ಟ್ ಎರಡನೆಯ ವಾರ. ಬೆಳಗಿನ ಲಾಂಚಿನಲ್ಲಿ ಬರುವುದು, 'ಒಂದೇ ದಿನದಲ್ಲಿ ಇಡೀ ದ್ವೀಪ' ಪ್ಯಾಕೇಜ್, ಸಂಜೆ ಲಾಂಚಿನಲ್ಲಿ ವಾಪಸ್. ಬುಕಿಂಗ್ ನಿಮ್ಮ ಕಂಪನಿಯಲ್ಲಿ, ಅಂದರೆ ಗೈಡ್ ನೀವೇ. ಮೇಡಂ ಬೋರ್ಡಿನ ಮೇಲೆ ಸ್ಟಾಪುಗಳನ್ನು ಬರೆದರು: ದೀಪಸ್ತಂಭ, ಬಾವಲಿ ಗುಹೆ, ಗಾಜಿನ ತಳದ ದೋಣಿ, ಚಿಪ್ಪಿನ ಅಂಗಡಿ ಸಾಲು, ಉಸಿರುಬಂಡೆ. ಕೊನೆಯದರ ಕೆಳಗೆ ಎರಡು ಗೆರೆ ಎಳೆದರು. ನಾನು ನೋಟ್ಸ್ ಬರೆಯುವವಳ ಹಾಗೆ ತಲೆ ತಗ್ಗಿಸಿದೆ.

ಇಲ್ಲಿ ಯಾರಿಗೂ ನಾನು ದ್ವೀಪದವಳು ಅಂತ ಗೊತ್ತಿಲ್ಲ. ಅಮ್ಮ ಇಲ್ಲ ಅಂತಲೂ ಗೊತ್ತಿಲ್ಲ. ಮೊದಲ ವಾರ ಎಲ್ಲರ ಅಮ್ಮಂದಿರೂ ಫೋನ್ ಮಾಡುತ್ತಿದ್ದರು. ನನಗೆ ಅತ್ತೆ ಮಾಡಿದಾಗ ರೂಮ್‌ಮೇಟ್ "ಯಾರು, ಅಮ್ಮಾನಾ?" ಅಂದಳು. ಹೂಂ ಅಂದೆ. ಅಷ್ಟೇ, ಒಂದು ಹೂಂ. ಈಗ ಅದಕ್ಕೆ ಕೈಕಾಲು ಬಂದಿದೆ. ಅಮ್ಮನಿಗೆ ಮೊಣಕಾಲು ನೋವು, ನಾನು ಕೂದಲು ಕತ್ತರಿಸಿದ್ದಕ್ಕೆ ಅಮ್ಮನಿಗೆ ಸಿಟ್ಟು, ಎಲ್ಲಾ ಇದೆ.

ಹಾಗಾಗಿ ಆ ದಿನ ನಾನು ನಿಮಗೆ ಗೊತ್ತಿಲ್ಲ, ಪ್ಲೀಸ್. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಇನ್ನೊಂದು ಇದಕ್ಕಿಂತ ದೊಡ್ಡದು. ಉಸಿರುಬಂಡೆಯಲ್ಲಿ ಆ ಕಥೆ ಹೇಳಬೇಡಿ. ರಜೆಯಲ್ಲಿ ನನ್ನನ್ನು ನೋಡಿಕೊಳ್ಳುವವರಿಲ್ಲದೆ ವ್ಯಾನಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಿರಲ್ಲ, ಆಗ ಎಷ್ಟು ಸಲ ಕೇಳಿದ್ದೇನೋ. ಪ್ರವಾಸಿಗರಿಗೆ ಊಟದ ಡಬ್ಬಿ ಹಂಚುತ್ತಿದ್ದ ಒಬ್ಬ ಹೆಂಗಸು, ಯಾರದೋ ಟೋಪಿ ಹಾರಿಹೋಯಿತು, ತರುತ್ತೇನೆ ಇರಿ ಅಂತ ನಗುತ್ತಾ ಬಂಡೆಯ ಸುತ್ತ ಬಳಿದ ಬಿಳಿ ಗೆರೆ ದಾಟಿದಳು, ಬಂಡೆ ಒಣಗಿತ್ತು. ಅಷ್ಟು ಹೇಳಿ ನೀವು ಬಗಲಲ್ಲಿದ್ದ ಹುಲ್ಲುಟೋಪಿಯನ್ನು ಬಂಡೆಯ ಬಾಯಿಗೆ, ಸಮುದ್ರದವರೆಗೆ ಇಳಿದ ಆ ತೂತಿಗೆ, ಎಸೆಯುತ್ತೀರಿ. ಕೆಳಗಿನಿಂದ ಸಮುದ್ರ ಉಸಿರು ಬಿಡುತ್ತದೆ. ಟೋಪಿ ಮೇಲಕ್ಕೆ ಹಾರಿ ನಿಮ್ಮ ಕಾಲ ಬಳಿ ಬಂದು ಬೀಳುತ್ತದೆ. ಆಗ ನೀವು ಒಂದು ಮಾತು ಹೇಳುತ್ತೀರಿ. ಅದೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಟೋಪಿ ನಿಮ್ಮ ಕೈ ಬಿಟ್ಟ ಕೂಡಲೇ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಕೈ ತೆಗೆದಾಗ ಕೇಳುವುದು ಚಪ್ಪಾಳೆ.

ನಮ್ಮ ಅಮ್ಮನಿಗೆ ಚಪ್ಪಾಳೆ, ಅಪ್ಪಾ. ಅವಳು ನಿಮ್ಮ ಹೆಂಡತಿ ಅಂತ ಅವರಿಗೆ ನೀವು ಹೇಳುವುದಿಲ್ಲ, ಗೊತ್ತು. ಆದರೂ ನನ್ನ ಕ್ಲಾಸಿನವರು ತಟ್ಟುವುದನ್ನು ನಾನು ನಿಂತು ನೋಡಲಾರೆ.

ಇಂತಿ ನಿಮ್ಮ ಮಗಳು


ಜೆಟ್ಟಿ ರಸ್ತೆ
ಜುಲೈ ೧೪

ಮರಿ,

ಪತ್ರ ಸಿಕ್ಕಿತು. ಲಾಂಚಿನ ಟಿಕೆಟ್ ಮಾಸ್ತರು ಕವರ್ ಕೊಡ್ತಾ "ಏನು ಗೈಡ್ ಸಾಹೇಬ್ರೇ, ಈ ವಯಸ್ಸಲ್ಲಿ ಲವ್ ಲೆಟರಾ?" ಅಂದ. ಹೌದು ಅಂದೆ. ಅವನು ಇನ್ನೂ ಯೋಚನೆ ಮಾಡ್ತಾ ಇದಾನೆ.

ಮೊದಲನೇ ಮಾತಿಗೆ ಒಪ್ಪಿದೆ. ವ್ಯಾನಿನ ಡ್ರೈವರ್ ಈಗ ಹೊಸಬ, ನಿನ್ನನ್ನ ನೋಡಿಲ್ಲ, ಜೆಟ್ಟಿಯವರಿಗೆ ನಾನು ಕಣ್ಸನ್ನೆ ಮಾಡ್ತೀನಿ. ನನಗೆ ಬೇಸರ ಇಲ್ಲ. ಪ್ರಾಯದ ಮಕ್ಕಳಿಗೆ ಅಪ್ಪ ಅಂದರೆ ಅಂಗಿ ಹಿಂದೆ ಕಾಣುವ ಬೆಲೆಚೀಟಿ ಇದ್ದ ಹಾಗೆ, ಒಳಗೆ ಮಡಚಿ ಇಟ್ಟುಕೊಳ್ಳಬೇಕು ಅನಿಸುತ್ತೆ. ನಾನೂ ನಮ್ಮಪ್ಪನ್ನ ಮಡಚಿದ್ದೆ.

ಎರಡನೇದು ಕಷ್ಟ. ಆ ಬಂಡೆ ಯಾಕೆ ಉಸಿರಾಡುತ್ತೆ ಅಂತ ನೀನು ಓದಿಕೊಂಡಿರ್ತೀಯ. ನನಗೆ ಗೊತ್ತಿರೋದು ಜನ. ಅಲ್ಲಿ ಗೆರೆ ಬಳಿದಿದಾರೆ, ಬೋರ್ಡ್ ಹಾಕಿದಾರೆ, ತಲೆಬುರುಡೆ ಚಿತ್ರ ಬೇರೆ. ಜನ ಆ ಬುರುಡೆಗೆ ಒರಗಿಕೊಂಡು ಫೋಟೋ ತೆಗೆಸಿಕೊಳ್ತಾರೆ. ದಾಟಬೇಡಿ ಅಂದರೆ "ಯಾಕೆ, ನಿಮ್ಮಪ್ಪನ ಬಂಡೆನಾ?" ಅಂದವರೂ ಇದಾರೆ. ಕಥೆ ಹೇಳಿದ ಮೇಲೆ ಒಬ್ಬನೂ ಗೆರೆ ಹತ್ತಿರ ಸುಳಿಯಲ್ಲ. ಚಪ್ಪಾಳೆ ನನಗೇನು ಹಿತ ಅಂತ ತಿಳಿದೆಯಾ? ಆದರೆ ಕೈ ತಟ್ಟುವವನು ನಿಂತಲ್ಲೇ ನಿಂತಿರ್ತಾನೆ. ನನಗೆ ಬೇಕಾದ್ದು ಅಷ್ಟೇ.

ಆದರೂ ನೀನು ಕೇಳಿದ್ದೀಯ. ಅಮ್ಮ ತೀರಿಕೊಂಡ ವರ್ಷ ನಾನು ನಿನ್ನನ್ನ ಸ್ಕೂಲ್ ಹಾಸ್ಟೆಲಿಗೆ ಬಿಟ್ಟು ಬರುವಾಗ ಬೇಡ ಅಂತ ಒಂದು ಮಾತು ಆಡಲಿಲ್ಲ ನೀನು. ಟ್ರಂಕಿನ ಮೇಲೆ ಕೂತು ಕೈ ಬೀಸಿದೆ. ಈಗ ಮೊದಲನೇ ಸಲ ಏನೋ ಕೇಳ್ತಿದೀಯ, ಇಲ್ಲ ಅನ್ನೋಕೆ ಬಾಯಿ ಬರಲ್ಲ. ಆಯ್ತು. ಆವತ್ತು ಕಥೆ ಇಲ್ಲ. ಟೋಪಿ ಮನೆಯಲ್ಲೇ ಮೊಳೆಗೆ ತೂಗ್ತಿರುತ್ತೆ. ಗೆರೆ ದಾಟಬೇಡಿ ಅಂತ ಬಾಯಿಮಾತಲ್ಲಿ ಹೇಳ್ತೀನಿ. ನಿಮ್ಮ ಮೇಡಂ ಇರ್ತಾರೆ, ನೀವೂ ಓದಿದ ಮಕ್ಕಳು.

ಒಂದು ಎಚ್ಚರಿಕೆ. ಬಾವಲಿ ಗುಹೆಯ ಬಾಗಿಲಲ್ಲಿ ತಲೆ ಬಗ್ಗಿಸಬೇಡ. ಹೊಸಬರೆಲ್ಲ ಅಲ್ಲಿ ತಲೆ ಕುಟ್ಟಿಕೊಳ್ತಾರೆ, ಊರವರು ಮಾತ್ರ ಬಗ್ಗಿಸ್ತಾರೆ. ಸಿಕ್ಕಿಬೀಳ್ತೀಯ.

ಅಪ್ಪ


ಹಾಸ್ಟೆಲ್
ಜುಲೈ ೨೩

ಅಪ್ಪಾ,

ಥ್ಯಾಂಕ್ಸ್ ಅನ್ನುವುದು ತೀರಾ ಚಿಕ್ಕ ಮಾತು. ನಿನ್ನೆಯಿಂದ ಊಟ ಸೇರುತ್ತಿದೆ.

ನನ್ನ ರೂಮ್‌ಮೇಟ್ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ದಿನ ಅವಳು ನಿಮ್ಮನ್ನು ಬಿಡುವುದಿಲ್ಲ. ಎಲ್ಲರೂ ಅವಳನ್ನು ಕಡ್ಡಿ ಅನ್ನುತ್ತಾರೆ. ಸಣಕಲು ಅಂತಲೂ ಹೌದು, ಮಾತು ಕಡ್ಡಿ ಮುರಿದ ಹಾಗೆ ಅಂತಲೂ ಹೌದು. ಮೊದಲ ದಿನ ಮೆಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂತಿರಲಿಲ್ಲ. ಇವಳು ತಟ್ಟೆ ತಂದಿಟ್ಟು, "ನೀನು ಮಾತಾಡಲ್ಲ ಅಂತ ಗೊತ್ತಾಯ್ತು. ನನಗೆ ಅನುಕೂಲ. ಇಬ್ಬರ ಪಾಲೂ ನಾನೇ ಆಡ್ತೀನಿ" ಅಂದಳು. ಆಡುತ್ತಲೂ ಇದ್ದಾಳೆ.

ಅವಳ ಅಮ್ಮ ಟೈಲರ್. ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾರೆ. ಹಾಸ್ಟೆಲಿನ ಬಟ್ಟೆ ಒಗೆಯುವಲ್ಲಿ ಕಳೆದುಹೋಗಬಾರದೆಂದು ಇವಳ ಎಲ್ಲಾ ಬಟ್ಟೆಯ ಕಾಲರಿನ ಒಳಗೆ ಕೆಂಪು ದಾರದಲ್ಲಿ ಪುಟ್ಟ ಅಡ್ಡಗೆರೆ ಹಾಕಿ ಕಳಿಸಿದ್ದಾರೆ. ಕರ್ಚೀಫಿಗೂ ಇದೆ. ಟೂರಿಗೆಂದು ಈಗ ನನಗೊಂದು ಅಂಗಿ ಹೊಲಿದು ಕಳಿಸಿದ್ದಾರೆ, ನೋಡಿದರೆ ಅದರಲ್ಲೂ ಕೆಂಪು ಗೆರೆ. "ನೀನೂ ಕಳೆದುಹೋಗೋ ಪೈಕಿನೇ ಅಂತ ಅಮ್ಮಂಗೆ ಹೇಳಿದೆ" ಅಂದಳು ಕಡ್ಡಿ.

ಅವಳು ಸಮುದ್ರ ನೋಡಿಲ್ಲ. ಇದು ಗುಟ್ಟು. "ಯಾರಿಗೂ ಹೇಳಬೇಡ ಕಣೇ, ಭೂಗೋಳದವರ ಮರ್ಯಾದೆ ಹೋಗುತ್ತೆ" ಅಂದಳು. ನನ್ನ ಗುಟ್ಟನ್ನೂ ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ, ಆಕಳಿಸಿ ಮುಚ್ಚಿದೆ.

ಗುಹೆಯಲ್ಲಿ ತಲೆ ಕುಟ್ಟಿಕೊಳ್ಳುತ್ತೇನೆ, ಪ್ರಾಮಿಸ್.

ನಿಮ್ಮ ಮಗಳು


ಜೆಟ್ಟಿ ರಸ್ತೆ
ಆಗಸ್ಟ್ ೧೬

ಮರಿ,

ನಿನ್ನ ಗೆಳತಿ ಸಿಕ್ಕಳು. ಮೇಡಂಗೆ ಫೋನ್ ಬಂದಿರುತ್ತೆ, ಆದರೂ ನಿನಗೆ ನಾನೇ ಹೇಳಬೇಕು ಅನಿಸಿತು. ಉಸಿರುಬಂಡೆ ಎಳೆದುಕೊಂಡದ್ದು ಒಂದು ಕಡೆ, ಸಮುದ್ರ ಬಿಟ್ಟದ್ದು ದ್ವೀಪದ ಹಿಂಬದಿಯಲ್ಲಿ. ಬಲೆಯವರು ನೋಡಿ ಕರೆದರು. ಗುರುತು ಹಿಡಿಯೋಕೆ ನನ್ನನ್ನೂ ಕರೆದುಕೊಂಡು ಹೋದರು. ನಾನು ಮುಖ ನೋಡಲಿಲ್ಲ, ನೋಡುವ ಹಾಗಿರಲಿಲ್ಲ. ಕಾಲರ್ ತಿರುಗಿಸಿ ನೋಡಿದೆ. ಕೆಂಪು ದಾರ ಹಾಗೇ ಇತ್ತು.

ಪ್ರವಾಸ ಕಚೇರಿಯವರು ನನ್ನ ಬ್ಯಾಡ್ಜ್ ತೆಗೆದುಕೊಂಡಿದಾರೆ. ವಿಚಾರಣೆ ಮುಗಿಯೋವರೆಗೆ ಅಂತ ಹೇಳ್ತಾರೆ. ನಮ್ಮ ಡ್ರೈವರ್ ಹೇಳಿಬಿಟ್ಟ, ಇವರು ದಿನಾ ಅಲ್ಲೊಂದು ಕಥೆ ಹೇಳಿ ಹೆದರಿಸ್ತಿದ್ರು, ಆವತ್ತು ಮಾತ್ರ ಹೇಳಲಿಲ್ಲ ಅಂತ. ಅವನದೇನೂ ತಪ್ಪಿಲ್ಲ, ಕಂಡದ್ದು ಹೇಳಿದ. ಯಾಕೆ ಹೇಳಲಿಲ್ಲ ಅಂತ ಕೇಳಿದರು. ಮರೆತೆ ಅಂದೆ. ವಯಸ್ಸಾಯಿತು, ಮರೆತೆ.

ನಿಮ್ಮ ಕಾಲೇಜಿನಲ್ಲೂ ಕೇಳ್ತಾರೆ. ನೀನು ಏನೂ ಹೇಳಬೇಡ. ಆವತ್ತು ನಾನು ನಿನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಪ್ಪ


ಹಾಸ್ಟೆಲ್
ಸೆಪ್ಟೆಂಬರ್ ೩

ಅಪ್ಪಾ,

ಕಾಲೇಜಿನಲ್ಲಿ ಕಮಿಟಿ ಮಾಡಿದ್ದಾರೆ. ಆ ದಿನ ಕಂಡದ್ದನ್ನು ಒಂದೊಂದು ಪುಟ ಬರೆದುಕೊಡಿ ಅಂದರು. ನಾನು ನಾಲ್ಕು ಸಾಲು ಬರೆದು ಕೊಟ್ಟೆ. 'ಗೈಡ್ ಗೆರೆ ದಾಟಬೇಡಿ ಎಂದು ಹೇಳಿದ್ದರು. ಅವಳು ದಾಟಿದಳು.' ಹೀಗೆ. ಉಳಿದದ್ದು ನನ್ನೊಳಗೇ ಇದೆ, ಇಲ್ಲಿ ಬರೆಯುತ್ತಿದ್ದೇನೆ. ನೀವು ಇಡೀ ದಿನ ಮೈಕ್ ಹಿಡಿದು ಮುಂದೆ ನಿಂತಿದ್ದಿರಿ. ಹಿಂದಿನ ಸೀಟಿನಲ್ಲಿ ಏನು ನಡೆಯಿತೆಂದು ನಿಮಗೆ ಗೊತ್ತಿಲ್ಲ.

ಜೆಟ್ಟಿಯಲ್ಲಿ ನೀವು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದಿರಿ. ಎಲ್ಲರ ಭುಜ ಮುಟ್ಟಿ ಎಣಿಸಿದಿರಿ. ನನ್ನ ಹತ್ತಿರ ಬಂದಾಗ ಮಾತ್ರ ನಿಮ್ಮ ಕೈ ಗಾಳಿಯಲ್ಲೇ ನಿಂತು ಮುಂದಕ್ಕೆ ಹೋಯಿತು. ಲೆಕ್ಕದಲ್ಲಿ ಒಬ್ಬರು ಕಡಿಮೆ ಬಂದರು. ಮತ್ತೆ ಎಣಿಸಿದಿರಿ, ಮತ್ತೆ ಕಡಿಮೆ. "ಅಂಕಲ್, ಇವಳನ್ನ ಬಿಟ್ರಿ. ಇವಳು ಇದ್ರೂ ಇಲ್ಲದ ಹಾಗೆ" ಅಂತ ಕಡ್ಡಿ ನನ್ನ ಕೈ ಎತ್ತಿ ಹಿಡಿದಳು. ಎಲ್ಲರೂ ನಕ್ಕರು. ನೀವೂ ನಕ್ಕಿರಿ.

ವ್ಯಾನಿನಲ್ಲಿ ನೀವು "ಎಡಕ್ಕೆ ನೋಡಿ ಸಮುದ್ರ, ಬಲಕ್ಕೆ ನೋಡಿ ಸಮುದ್ರ, ಮುಂದೆ ನೋಡಿ ನಮ್ಮ ಡ್ರೈವರ್, ಅವರು ಮಾತ್ರ ಎಲ್ಲೂ ನೋಡಬಾರದು" ಅಂದಾಗ ಕಡ್ಡಿ ನನ್ನ ತೊಡೆಗೆ ಗುದ್ದಿ ಗುದ್ದಿ ನಕ್ಕಳು. ನನಗೆ ಆ ಜೋಕು ಹಾಲುಹಲ್ಲಿನ ಕಾಲದಿಂದ ಗೊತ್ತು. ದೀಪಸ್ತಂಭದ ಮೆಟ್ಟಿಲಿನಲ್ಲಿ ಅವಳು ಕಿವಿಯಲ್ಲಿ ಹೇಳಿದಳು: "ಈ ಗೈಡ್ ಅಂಕಲ್ ಸೂಪರ್ ಕಣೇ. ನಮ್ಮಪ್ಪ ಮಾತಾಡಿದರೆ ಸವೆದುಹೋಗ್ತೀನಿ ಅನ್ನೋ ಥರ ಇರ್ತಾರೆ. ಇಂಥ ಅಪ್ಪ ಇದ್ದಿದ್ರೆ ನಾನು ಮನೆ ಬಿಟ್ಟೇ ಬರ್ತಿರಲಿಲ್ಲ." ನಾನು "ಅಷ್ಟೇನಿಲ್ಲ" ಅಂದೆ. ಹೌದಪ್ಪಾ, ಹಾಗೇ ಅಂದೆ.

ಬಾವಲಿ ಗುಹೆಯ ಬಾಗಿಲಲ್ಲಿ ಬೇಕಂತಲೇ ಹಣೆ ಕುಟ್ಟಿಕೊಂಡೆ. ಅಂದುಕೊಂಡದ್ದಕ್ಕಿಂತ ಜೋರಾಗಿ ಬಿತ್ತು. ನಿಮ್ಮ ಕೈ ಅರ್ಧ ಎದ್ದು ಮತ್ತೆ ಜೇಬಿಗೆ ಹೋದದ್ದನ್ನು ನೋಡಿದೆ. ಹಣೆ ಉಜ್ಜಿದವಳು ಕಡ್ಡಿ.

ಗಾಜಿನ ತಳದ ದೋಣಿಯಲ್ಲಿ ಅವಳು ಬೋರಲು ಮಲಗಿ ಗಾಜಿಗೆ ಮೂಗು ಒತ್ತಿದಳು. "ಅಂಕಲ್, ಕೆಳಗೆ ಲೈಟ್ ಹಾಕಿದೀರಾ?" ಅಂದಳು. ನೀವು "ಬಿಸಿಲು ಕಣಮ್ಮ. ಕರೆಂಟು ಹೋದರೂ ಇರುತ್ತೆ" ಅಂದಿರಿ. ಅವಳು ಏಳಲೇ ಇಲ್ಲ. ದೋಣಿ ದಡಕ್ಕೆ ಬಂದಾಗ ಅವಳ ಮೂಗಿನ ಗುರುತು ಗಾಜಿನ ಮೇಲೆ ಉಳಿದಿತ್ತು. ಕಣ್ಣು ಒರೆಸಿಕೊಂಡಳೋ ಬೆವರು ಒರೆಸಿಕೊಂಡಳೋ ತಿಳಿಯಲಿಲ್ಲ. "ಇಷ್ಟು ದಿನ ನನಗೆ ಯಾರೂ ಹೇಳಿರಲಿಲ್ವಲ್ಲೇ" ಅಂದಳು. ಏನನ್ನು ಅಂತ ನಾನು ಕೇಳಲಿಲ್ಲ.

ಉಸಿರುಬಂಡೆಯಲ್ಲಿ ಇಳಿಯುವಾಗ ಡ್ರೈವರ್ "ಟೋಪಿ ಮರೆತ್ರಾ ಸಾಹೇಬ್ರೇ?" ಅಂದರು. "ಇವತ್ತು ಬೇಡ" ಅಂದಿರಿ. ಮೇಡಂ ಅಲೆಯ ಒತ್ತಡ, ಸುಣ್ಣದ ಕಲ್ಲು ಅಂತ ಶುರು ಮಾಡಿದರು. ಅರ್ಧ ಜನ ಬೋರ್ಡಿಗೆ ಒರಗಿ ಫೋಟೋ ತೆಗೆಯುತ್ತಿದ್ದರು, ನೀವು ಬರೆದ ಹಾಗೇ. ಮೇಡಂ ಮುಗಿಸಿದ ಮೇಲೆ ಕಡ್ಡಿ ನಿಮ್ಮ ಹತ್ತಿರ ಬಂದು, "ಅಂಕಲ್, ಎಲ್ಲಾ ಕಡೆ ಒಂದೊಂದು ಕಥೆ ಹೇಳಿದ್ರಿ. ಇದಕ್ಕಿಲ್ವಾ?" ಅಂದಳು.

ನೀವು ನನ್ನ ಕಡೆ ನೋಡಲಿಲ್ಲ. ನೋಡದಿರಲು ಎಷ್ಟು ಕಷ್ಟಪಟ್ಟಿರಿ ಅಂತ ನಿಮ್ಮ ಕತ್ತಿನಲ್ಲಿ ಕಂಡಿತು. "ಇದಕ್ಕಿಲ್ಲ ಕಣಮ್ಮ" ಅಂದಿರಿ. ಆಮೇಲೆ "ಗೆರೆ ದಾಟಬೇಡಿ, ಒಣಗಿದೆ ಅಂತ ನಂಬಬೇಡಿ" ಅಂದಿರಿ. ಎರಡು ಸಲ ಹೇಳಿದಿರಿ, ನಾನು ಸಾಕ್ಷಿ. ಆದರೆ ಅದು ಲಾಂಚಿನಲ್ಲಿ ಲೈಫ್ ಜಾಕೆಟ್ ಬಗ್ಗೆ ಹೇಳುವ ಧ್ವನಿ. ಯಾರಿಗೂ ಕೇಳುವುದಿಲ್ಲ.

ಅವಳು ಬ್ಯಾಗು ನನ್ನ ಕೈಗೆ ಕೊಟ್ಟಳು. "ಒಂದೇ ಸಲ ಆ ಬಾಯೊಳಗೆ ಇಣುಕಿ ಬರ್ತೀನಿ. ಕೆಳಗೆ ಅದೇ ಬೆಳಕು ಇರುತ್ತಾ ನೋಡಬೇಕು." ನನಗೆ ಗೊತ್ತಿತ್ತು. ಇಡೀ ಗುಂಪಿನಲ್ಲಿ ನಿಮ್ಮನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು. "ಬೇಡ ಕಣೇ" ಅಂದೆ, ಇನ್ನೊಂದು ಸೌಟು ಸಾರು ಬೇಡ ಅನ್ನುವ ಹಾಗೆ. 'ನಮ್ಮಮ್ಮ ಇಲ್ಲೇ ಹೋದದ್ದು' ಅಂತ ಅಂದಿದ್ದರೆ ಸಾಕಿತ್ತು. ನಿಮ್ಮ ಕಥೆಯೂ ಬೇಡ, ಟೋಪಿಯೂ ಬೇಡ, ಆ ಒಂದು ಮಾತು. ಅವಳು ಗೆರೆಯ ಆಚೆ ನಿಂತು ತಿರುಗಿ, "ಬಾರೇ, ಒಣಗಿದೆ" ಅಂದಳು.

ನೀವು ಆಗ ನೋಡಿದಿರಿ, ಓಡಿದಿರಿ. ಒಂದು ಕಾಲು ಗೆರೆಯ ಆಚೆ, ಕೈ ಮುಂದಕ್ಕೆ. ಬಂಡೆ ಉಸಿರು ಒಳಗೆಳೆದುಕೊಂಡಿತು. ಆ ಸದ್ದು ಬೇರೆಯವರಿಗೆ ಏನೂ ಅಲ್ಲ. ನನಗೆ ಗೊತ್ತು, ನಿಮಗೆ ಗೊತ್ತು. ನಾನು "ಅಪ್ಪಾ" ಅಂತ ಕೂಗಿದೆ.

ನೀವು ತಿರುಗಿದಿರಿ.

ಮತ್ತೆ ಆ ಕಡೆ ನೋಡುವಷ್ಟರಲ್ಲಿ ಬಂಡೆ ಒದ್ದೆಯಾಗಿತ್ತು, ಅಷ್ಟೇ. ಆಮೇಲೆ ಎಲ್ಲರೂ ಅಮ್ಮಾ ಅಂತ ಕಿರುಚಿದರು, ಹಾಗಾಗಿ ನನ್ನ ಅಪ್ಪಾ ಯಾರ ಗಮನಕ್ಕೂ ಬರಲಿಲ್ಲ. ಹೆದರಿದಾಗ ಯಾರನ್ನು ಕರೆದರೂ ನಡೆಯುತ್ತದೆ.

ಜೆಟ್ಟಿಯಲ್ಲಿ ಪೊಲೀಸರು ನಿಮ್ಮನ್ನು ಬೆಂಚಿನ ಮೇಲೆ ಕೂರಿಸಿ ಕೇಳುತ್ತಿದ್ದರು. ನೀವು ಹಗ್ಗ ಕಟ್ಟಿ ಇಳಿದು ಹುಡುಕಿ ಬಂದಿದ್ದಿರಿ, ಅಂಗಿಯಿಂದ ನೀರು ಸೋರುತ್ತಿತ್ತು, ನಡುಗುತ್ತಿದ್ದಿರಿ. ಸಾಲಿನಲ್ಲಿ ನಿಮ್ಮ ಮುಂದೆಯೇ ನಡೆದು ಲಾಂಚ್ ಹತ್ತಿದೆ. ನನ್ನ ಕೈಯಲ್ಲಿ ಎರಡು ಟವೆಲ್ ಇದ್ದವು, ನನ್ನದು, ಅವಳದು. ಒಂದನ್ನು ಕೊಡಬಹುದಿತ್ತು. ಯಾರೋ ಅಪರಿಚಿತ ಆಗಿದ್ದರೂ ಕೊಡುತ್ತಿದ್ದೆ.

ಏನೂ ಹೇಳಬೇಡ ಅಂತ ಬರೆದಿದ್ದೀರಿ. ಅವಳ ಮಂಚ ನನ್ನ ಮಂಚದ ಪಕ್ಕದಲ್ಲೇ ಇದೆ. ಹೇಳದೆ ಹೇಗೆ ಇರುವುದು ಅಂತಲೂ ಬರೆಯಿರಿ.

ನಿಮ್ಮ ಮಗಳು


ಜೆಟ್ಟಿ ರಸ್ತೆ
ಸೆಪ್ಟೆಂಬರ್ ೧೪

ಮರಿ,

ನಿನ್ನ ಪತ್ರ ಓದಿ ಮೊಳೆಗೆ ಸಿಕ್ಕಿಸಿದೆ, ಮತ್ತೆ ತೆಗೆದು ಓದಿದೆ.

ತಿರುಗಿದ್ದು ನಿಜ. ಯಾರು ಕೂಗಿದರೂ ತಿರುಗ್ತಿದ್ದೆ, ಗೈಡಿನ ಕತ್ತೇ ಹಾಗೆ. ತಿರುಗದೇ ಇದ್ದಿದ್ದರೆ ಹಿಡೀತಿದ್ದೆನಾ? ಗೊತ್ತಿಲ್ಲ. ಹಿಡೀತಿರಲಿಲ್ಲ ಅಂತ ನಿನಗೆ ಸಮಾಧಾನಕ್ಕೆ ಬರೀಬಹುದು. ದಿನಾ ಕಥೆ ಹೇಳಿ ಬದುಕಿದವನು, ಇದೊಂದಾದರೂ ಕಥೆ ಆಗೋದು ಬೇಡ. ನೀನು ಕೇಳಿದೆ, ನಾನು ಒಪ್ಪಿದೆ. ಒಪ್ಪುವ ಕೆಲಸ ನನ್ನದು. ಮಕ್ಕಳು ಚಂದ್ರನ್ನೂ ಕೇಳ್ತಾರೆ.

ಕಂಪನಿ ನನ್ನನ್ನ ಪೂರ್ತಿ ಬಿಟ್ಟಿಲ್ಲ. ಮೈಕ್ ಕೊಡಲ್ಲ, ಊಟದ ಡಬ್ಬಿ ಹಂಚು ಅಂದಿದಾರೆ. ನಿಮ್ಮಮ್ಮನ ಕೆಲಸ. ಡಬ್ಬಿ ಎಷ್ಟು ಬಿಸಿ ಇರುತ್ತೆ ಅಂತ ಈಗ ಗೊತ್ತಾಯಿತು. ಅವಳು ಒಂದು ದಿನವೂ ಹೇಳಲಿಲ್ಲ.

ಹೊಸ ಗೈಡ್ ಒಬ್ಬ ಬಂದಿದಾನೆ, ಬಾಯಿ ಚೆನ್ನಾಗಿದೆ. ಉಸಿರುಬಂಡೆಯ ಕಥೆ ಅವನೂ ಹೇಳ್ತಾನೆ, ಟೋಪಿಯನ್ನೂ ಎಸೀತಾನೆ. ಬರೀಬಾರದು, ಆದರೂ ಬರೀತೀನಿ. ಅವನ ಕಥೆಯಲ್ಲಿ ಈಗ ಇಬ್ಬರು. ಎರಡನೆಯವಳು ಕಾಲೇಜು ಹುಡುಗಿ. ಮೊದಲನೆಯವಳು ಒಳಗಿಂದ ಕರೆದಳಂತೆ, ಇವಳು ಹೋದಳಂತೆ. ಚಪ್ಪಾಳೆ ನನ್ನ ಕಾಲಕ್ಕಿಂತ ಜೋರು. ನಾನು ವ್ಯಾನಿನ ಹಿಂದಿನ ಸೀಟಿನಲ್ಲಿ ಖಾಲಿ ಡಬ್ಬಿ ಜೋಡಿಸ್ತಾ ಇರ್ತೀನಿ. ಮೊದಲ ದಿನ ನನ್ನ ಎರಡು ಕೈಯೂ ತಾವಾಗೇ ಕಿವಿಗೆ ಹೋದವು. ಆಗ ನೀನು ಇಷ್ಟುದ್ದ ಇದ್ದದ್ದು ನೆನಪಾಯಿತು. ಅದೇ ಸೀಟು. ನಾನು ಒಂದು ಸಲವೂ ತಿರುಗಿ ನೋಡಿರಲಿಲ್ಲ.

ಕಾಲೇಜಿನಲ್ಲಿ ಏನೂ ಹೇಳಬೇಡ. ನಿನಗೆ ಇನ್ನೂ ಓದು ಇದೆ. ನನಗೆ ಇನ್ನೇನಿದೆ, ಡಬ್ಬಿ.

ಅಪ್ಪ


ಹಾಸ್ಟೆಲ್
ಅಕ್ಟೋಬರ್ ೨

ಅಪ್ಪಾ,

ನಿನ್ನ ಮಾತು ಮೀರಿದೆ. ಈ ಪತ್ರವನ್ನು ಯಾವ ವಾರ್ಡನ್ನೂ ಓದುವುದಿಲ್ಲ, ನೀನು ಅಂತಲೇ ಬರೆಯುತ್ತೇನೆ.

ಕಮಿಟಿಯ ಮುಂದೆ ಹೋಗಿ ಹೇಳಿದೆ. ಆ ಗೈಡ್ ನಮ್ಮಪ್ಪ, ಮರೆತದ್ದಲ್ಲ, ನಾನೇ ಹೇಳಬೇಡ ಅಂತ ಬೇಡಿಕೊಂಡಿದ್ದೆ, ಏಕೆಂದರೆ ಅದು ನಮ್ಮಮ್ಮನ ಕಥೆ. ಮೂವರೂ ನನ್ನನ್ನು ನೋಡಿದರು. ದೊಡ್ಡ ಮೇಡಂ ಪೆನ್ನಿನ ಕ್ಯಾಪ್ ಹಾಕಿ, "ನೀನು ಶಾಕ್‌ನಲ್ಲಿದ್ದೀಯಮ್ಮ, ಹೋಗಿ ಮಲಗು. ಇದೆಲ್ಲ ಬರೆಯೋದು ಬೇಡ, ರಿಪೋರ್ಟ್ ಆಗಲೇ ಟೈಪಾಗಿದೆ" ಅಂದರು. ಹೊರಗೆ ಬಂದೆ. ಇಷ್ಟು ದಿನ ಅಡಗಿಸಿಟ್ಟದ್ದು ಯಾರಿಗೂ ಬೇಕಾಗಿಯೇ ಇರಲಿಲ್ಲ.

ಬೇಕಾದವರು ಒಬ್ಬರಿದ್ದಾರೆ. ಹೋದ ವಾರ ಕಡ್ಡಿಯ ಅಮ್ಮ ಅವಳ ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದರು. ಮಗಳ ಹಾಗೇ ಸಣಕಲು, ಮಾತು ಮಾತ್ರ ಕಡಿಮೆ. ಮಂಚದ ಮೇಲೆ ಕೂತು ಒಂದೊಂದೇ ಬಟ್ಟೆ ಬಿಡಿಸಿ ಕಾಲರ್ ನೋಡಿ ಮತ್ತೆ ಮಡಚಿಟ್ಟರು. ನಾನು ಅವರು ಹೊಲಿದ ಅಂಗಿಯನ್ನೇ ಹಾಕಿಕೊಂಡಿದ್ದೆ, ಗೊತ್ತಿಲ್ಲದೆ. "ಭುಜ ಸರಿಯಾಗಿ ಕೂತಿದೆಯಲ್ಲ. ಅವಳು ಬಾಯಲ್ಲೇ ಅಳತೆ ಹೇಳಿದ್ದಳು" ಅಂದರು.

ಆಮೇಲೆ ಕೇಳಿದರು: "ಆವತ್ತು ನಗ್ತಾ ಇದ್ಲಾ?"

ಹೌದು ಅಂದೆ. ಗಾಜಿನ ದೋಣಿಯ ವಿಷಯ ಹೇಳಿದೆ, ಲೈಟ್ ಹಾಕಿದೀರಾ ಅಂತ ಕೇಳಿದ್ದು. ಅವರು ಕೈಯಲ್ಲಿದ್ದ ಬಟ್ಟೆ ಮಡಚಿಟ್ಟು, "ನಾನೂ ಅದನ್ನೆಲ್ಲ ನೋಡಬೇಕು. ಅವಳು ನೋಡಿದ್ದನ್ನೆಲ್ಲ, ಅವಳು ನೋಡಿದ ಹಾಗೇ, ಒಂದಾದ ಮೇಲೆ ಒಂದು. ನಾನೂ ಸಮುದ್ರ ನೋಡಿಲ್ಲ. ನೀನು ಜೊತೆಗೆ ಬರ್ತೀಯಾಮ್ಮ?" ಅಂದರು. ಈ ತಿಂಗಳ ಕೊನೆಯ ಶನಿವಾರಕ್ಕೆ ಇಬ್ಬರಿಗೂ ಅವರೇ ಬುಕ್ ಮಾಡಿಬಿಟ್ಟಿದ್ದಾರೆ, ಅದೇ ಪ್ಯಾಕೇಜ್.

ಹೊಸ ಗೈಡ್ ಟೋಪಿ ಎಸೆದು ಅವರ ಮಗಳ ಕಥೆ ಅವರಿಗೇ ಹೇಳುತ್ತಾನೆ. ಸುತ್ತ ನಿಂತವರು ಕೈ ತಟ್ಟುತ್ತಾರೆ. ಅದು ಹೇಗಿರುತ್ತದೆ ಅಂತ ನನಗೆ ಗೊತ್ತು, ಈಗ ನಿನಗೂ ಗೊತ್ತು. ಅವರಿಗೆ ಅದು ಆಗಕೂಡದು.

ಹಾಗಾಗಿ ನೀನು ಬಾ. ವ್ಯಾನ್ ಬೇಡ, ಮೈಕ್ ಬೇಡ, ಬ್ಯಾಡ್ಜ್ ಇಲ್ಲದಿದ್ದರೂ ನಡೆಯುತ್ತದೆ. ನಾವು ಗುಂಪು ಬಿಟ್ಟು ನಿನ್ನ ಜೊತೆ ನಡೆದೇ ಬರುತ್ತೇವೆ. ದ್ವೀಪ ಕಣ್ಣಿಗೆ ಬೀಳುವ ಮೊದಲೇ, ಲಾಂಚಿನಲ್ಲೇ, ನೀನು ಯಾರು ಅಂತ ಅವರಿಗೆ ಹೇಳುತ್ತೇನೆ. ನಾನು ಏನು ಕೇಳಿಕೊಂಡಿದ್ದೆ, ಕಡ್ಡಿ ಬಾರೇ ಅಂದಾಗ ಏನು ಹೇಳದೆ ನಿಂತೆ, ಎಲ್ಲಾ ಹೇಳುತ್ತೇನೆ. ಕೇಳಿದ ಮೇಲೆ ಅವರು ಜೆಟ್ಟಿಯಿಂದಲೇ ವಾಪಸ್ ಹೋಗಬಹುದು. ನನ್ನ ಮೈಮೇಲಿನ ಅಂಗಿ ಬಿಚ್ಚಿಕೊಡು ಅನ್ನಬಹುದು. ಏನು ಮಾಡಿದರೂ ಸರಿಯೇ. ಇಳಿದು ಬಂದರೆ, ಎಣಿಸುವಾಗ ಈ ಸಲ ನನ್ನ ಭುಜ ಮುಟ್ಟು.

ಟೋಪಿ ತಗೊಂಡು ಬಾ. ಉಸಿರುಬಂಡೆಯಲ್ಲಿ ಗೆರೆಯ ಈಚೆ ನಾವು ಮೂವರೇ ನಿಲ್ಲೋಣ. ಕಥೆಯನ್ನು ಮೊದಲಿನಿಂದ ಹೇಳು, ಅವಳು ನಿನ್ನ ಹೆಂಡತಿ ಅಂತ ಸೇರಿಸಿ ಹೇಳು. ಟೋಪಿ ವಾಪಸ್ ಬಂದಾಗ ನೀನು ಹೇಳುವ ಆ ಮಾತನ್ನೂ ಹೇಳು. ನಾನು ಕಿವಿ ಮುಚ್ಚಿಕೊಳ್ಳುವುದಿಲ್ಲ. ಕೈ ತಟ್ಟುವವರು ಯಾರೂ ಇರುವುದಿಲ್ಲ.

ನಿನಗೆ ಆಗುವುದಿಲ್ಲ ಅಂದರೆ ನಾನು ಅವರನ್ನು ಹೇಗಾದರೂ ತಡೆಯಬೇಕು, ಅದಕ್ಕೆ ಸಮಯ ಬೇಕು. ಬರ್ತೀಯೋ ಇಲ್ಲವೋ, ಅಷ್ಟೇ ಬರೆದರೆ ಸಾಕು. ಬೇಗ ಬರಿ.

ನಿನ್ನ ಮಗಳು